ನಡಾವಳಿ ಪುಸ್ತಕ

ವಿಷಯ ಒಂದು:
ಭಾನುವಾರದ ಆರೂವರೆಯ ಪೂಜೆಯನ್ನು ಎಂಟಕ್ಕೆ ಬದಲಿಸುವ ಬಗ್ಗೆ.
ಇಷ್ಟು ಬರೆದು ಪೆನ್ನು ಎತ್ತಿದೆ.

ಹೊಸ ಗುರುಗಳು ಚಿಕ್ಕವರು, ಭದ್ರಾವತಿಯ ಚಳಿಗೆ
ಮಫ್ಲರ್ ಸುತ್ತಿಕೊಂಡೇ ಕೂತಿದ್ದರು.
ಕೇಳಿದ್ದರಲ್ಲಿ ತಪ್ಪೇನಿಲ್ಲ:
"ಆರೂವರೆಯೇ ಯಾಕೆ? ಯಾರು ಇಟ್ಟ ಹೊತ್ತು ಇದು?"

ಯಾರೂ ಇಟ್ಟದ್ದಲ್ಲ ಫಾದರ್.
ಸೈರನ್ ಇಟ್ಟದ್ದು.
ಕಾಗದದ ಕಾರ್ಖಾನೆಯ ರಾತ್ರಿ ಪಾಳಿ ಆರಕ್ಕೆ ಬಿಡುತ್ತಿತ್ತು.
ಗೇಟಿನಿಂದ ಸೈಕಲ್ಲಿನಲ್ಲಿ ಹದಿನೈದು ನಿಮಿಷ,
ನಲ್ಲಿಯಲ್ಲಿ ಮುಖ ತೊಳೆಯಲು ಐದು,
ಮಿಕ್ಕ ಹತ್ತು ನಿಮಿಷ ಒಂದು ಬೀಡಿಗೆ.
ದೇವರೂ ಒಪ್ಪಿಕೊಂಡಿದ್ದ ಲೆಕ್ಕ.
ಧೂಪ ಎಷ್ಟು ಹಾಕಿದರೂ ಅಂಗಿಗಳ
ಬಿದಿರ ತಿರುಳಿನ ವಾಸನೆಯೇ ಗೆಲ್ಲುತ್ತಿತ್ತು.
ಹಿಂದಿನ ಬೆಂಚುಗಳಲ್ಲಿ ತೂಕಡಿಕೆ.
ಶಾಂತಿಯನ್ನು ಹಂಚಿಕೊಳ್ಳಿರಿ ಎಂದಾಗ
ಪಕ್ಕದವನು ತೋಳು ತಟ್ಟಿ ಎಬ್ಬಿಸುತ್ತಿದ್ದ.
ಅದೇ ಅವರ ಶಾಂತಿ.

ಸೈರನ್ ನಿಂತಿತು.
ಕ್ವಾರ್ಟರ್ಸಿನ ಕಿಟಕಿಗಳಲ್ಲಿ ಅರಳಿಯ ಸಸಿ.
ಏಳು ವಾರ್ಡು ಮೂರಾಯಿತು, ಗುರಿಕಾರರಿದ್ದಾರೆ,
ಸುತ್ತೋಲೆ ಹಂಚಲು ಮನೆಗಳಿಲ್ಲ.
ಪೂಜೆಯ ಹೊತ್ತು ಮಾತ್ರ ಇದ್ದಲ್ಲೇ ಉಳಿಯಿತು,
ಬದಲಿಸಿ ಎಂದು ಯಾರೂ ಅರ್ಜಿ ಕೊಡಲಿಲ್ಲವಾಗಿ.

ಖಜಾಂಚಿ ಲಿಗೋರಿ ಪಾಯಸರು ಚೀಟಿ ತೆಗೆದರು:
ಕರೆಂಟು, ಮೇಣದಬತ್ತಿ,
ಕಾಣಿಕೆ ತಟ್ಟೆಯಲ್ಲಿ ಸರಾಸರಿ ತೊಂಬತ್ತು ರೂಪಾಯಿ,
ಬರುವವರು ಹನ್ನೊಂದು.
ಯುವಜನರ ಪರವಾಗಿ ಡೆಲ್ಫಿನ್:
"ಎಂಟಾದರೆ ನಾವೂ ಬರುತ್ತೇವೆ."
(ಒಂಬತ್ತೂವರೆಯದಕ್ಕೇ ಬಾರದ ಹುಡುಗಿ.
ಇದನ್ನು ಬರೆಯಲಿಲ್ಲ.)

ಆಗ ಇನ್ನಾಸಪ್ಪ ಎದ್ದರು.
ಎರಡನೇ ಮೆಷಿನ್ನಿನಲ್ಲಿ ಮೂವತ್ತೊಂದು ವರ್ಷ,
ಬಲಗೈಯಲ್ಲಿ ಮೂರೇ ಬೆರಳು,
ಆ ಮೂರರಲ್ಲೇ ಗಂಟೆಯ ಹಗ್ಗ ಎಳೆಯುವವರು.
ತಮಿಳಿನಲ್ಲಿ ಶುರು ಮಾಡಿ,
ಕೊಂಕಣಿಯವರ ಮುಖ ನೋಡಿ, ಕನ್ನಡಕ್ಕೆ ಬಂದರು:
"ಹನ್ನೊಂದು ಅಂದ್ರಲ್ಲ, ಯಾರ್ಯಾರು ಅಂತ ಬರ್ಕೊಳಮ್ಮ."

ಬರೆದುಕೊಂಡೆ.
ಲೂರ್ದಮ್ಮ, ಏಳೂವರೆಗೆ ಬಸ್‌ಸ್ಟ್ಯಾಂಡಿನಲ್ಲಿ
ಇಡ್ಲಿ ಪಾತ್ರೆ ಇಳಿಸಬೇಕು.
ನರ್ಸ್ ಏಲಿಯಮ್ಮ, ನೈಟ್ ಡ್ಯೂಟಿ ಮುಗಿಸಿ, ಮಲಗುವ ಮುಂಚೆ.
ಚೌರಪ್ಪ, ಬೀದಿ ಗುಡಿಸುತ್ತ ಬಂದವನು
ಮಾತೆಯ ಗವಿಯ ಹಿಂದೆ ಪೊರಕೆ ಒರಗಿಸಿ ಒಳಬರುತ್ತಾನೆ.
ಕಣ್ಣು ಕಾಣದ ಜ್ಞಾನಪ್ರಕಾಶಂ,
ಅವರ ಕೈ ಹಿಡಿದು ತರುವ ಮೊಮ್ಮಗ
(ಅವನಿಗೆ ಎಂಟಕ್ಕೆ ಕ್ರಿಕೆಟ್ಟು).
ಹೀಗೆ ಹತ್ತಾಯಿತು.
"ಇನ್ನೊಬ್ಬಾಕೆ," ಎಂದರು ಇನ್ನಾಸಪ್ಪ, "ಕೊನೇ ಬೆಂಚು.
ಪ್ರಸಾದಕ್ಕೆ ಎದ್ದು ಬರೋದಿಲ್ಲ.
ಜನ ಸೇರೋ ಪೂಜೆಗೆ ಆಕೆ ಬರೋಕಾಗಲ್ಲ."
ಹೆಸರನ್ನು ಯಾರೂ ಕೇಳಲಿಲ್ಲ.
ಲಿಗೋರಿಯವರು ಕನ್ನಡಕ ತೆಗೆದು
ಬಹಳ ಹೊತ್ತು ಒರೆಸಿಕೊಂಡರು.

ಗುರುಗಳು ಮಫ್ಲರ್ ಬಿಚ್ಚಿದರು:
"ನೀವೇ ತೀರ್ಮಾನಿಸಿ. ನಾನು ನಾಲ್ಕು ವರ್ಷಕ್ಕೆ ಬಂದವನು."
ನಿರ್ಣಯ: ವಿಷಯವನ್ನು ಮುಂದೂಡಲಾಯಿತು.
ಚಹಾ. ಎರಡೆರಡು ಬಿಸ್ಕತ್ತು.

ಮುಂದಿನ ಭಾನುವಾರ, ನಿದ್ದೆಗಣ್ಣಿನಲ್ಲಿ,
ಎಣಿಸೋಣವೆಂದು ನಾನೇ ಹೋದೆ.
ಕಂಬದ ಆಚೆ ಲಿಗೋರಿ,
ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತಿದ್ದಾರೆ.
ಹೊರಗೆ ಬಂದು ತಾಳೆ ನೋಡಿದೆವು:
ಅವರಿಗೂ ಹನ್ನೆರಡು, ನನಗೂ ಹನ್ನೆರಡು.
ಹೊಳೆ ದಾಟಿದ ಪೆದ್ದರ ಹಾಗೆ
ಇಬ್ಬರೂ ತಮ್ಮನ್ನು ಬಿಟ್ಟು ಎಣಿಸಿದ್ದೆವು.
ಲೂರ್ದಮ್ಮನ ಪಾತ್ರೆಯ ಒಂದು ಕಿವಿ
ಲಿಗೋರಿ ಹಿಡಿದುಕೊಂಡರು, ಬಸ್‌ಸ್ಟ್ಯಾಂಡಿನವರೆಗೆ.

ಈ ಪುಸ್ತಕದ ಹಾಳೆ ನಮ್ಮ ಕಾರ್ಖಾನೆಯದೇ,
ಇನ್ನಾಸಪ್ಪ ಎಂದೋ ತಂದುಕೊಟ್ಟ ರೀಮಿನದು.
ಬೆಳಕಿಗೆ ಹಿಡಿದರೆ ಬಿದಿರಿನ ನಾರು ಕಾಣುತ್ತದೆ.
ಖಾಲಿ ಉಳಿದಿರುವುದು ಹತ್ತಿಪ್ಪತ್ತು.
ಅಕ್ಷರ ಸಣ್ಣ ಮಾಡಿಕೊಂಡು ಬರೆಯುತ್ತಿದ್ದೇನೆ:
ವಿಷಯ ಒಂದು,
ಕಳೆದ ಸಭೆಯಿಂದ ಮುಂದುವರಿದದ್ದು.